ಗೃಹಭಂಡಾರವೂ ಮಿತ್ರರ ಕೈಗೆ ಕೊಡುವ ಬೀಗದ ಕೈಯೂ

ನಮ್ಮ ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಅನೇಕ ಗ್ರಾಮಗಳು ಹಿನ್ನೀರಿನಲ್ಲಿ ಮುಳುಗಿದುವು. ಶೆಟ್ಟಿಹಳ್ಳಿಯ ಶಿಥಿಲವಾದ ಇಗರ್ಜಿಯು ಜಲಾಶಯ ತುಂಬಿದಾಗಲೆಲ್ಲ ನೀರಿನಲ್ಲಿ ನಿಂತು ಆ ಸಂಗತಿಗೆ ಸಾಕ್ಷಿಯಾಗಿರುವುದು. ಊರನ್ನು ಬಿಟ್ಟ ಮನೆತನಗಳಿಗೆ ಹಳೆಯ ಛಾಯಾಚಿತ್ರಗಳೂ, ವಿಭಾಗಪತ್ರಗಳೂ, ಪರಿಹಾರದ ಕಾಗದಗಳೂ ಊರಿನ ಕಡೆಯ ಕುರುಹುಗಳು. ಸಂತತಿಯವರೋ ಹಾಸನ, ಬೆಂಗಳೂರು, ಅಮೆರಿಕಾಗಳಲ್ಲಿ ಚದರಿಹೋಗಿದ್ದಾರೆ. ಇಂತಹ ವಸ್ತುಗಳನ್ನು ಒಂದೆಡೆ ಇರಿಸಿ ಎಲ್ಲರಿಗೂ ದೊರೆಯುವಂತೆ ಮಾಡುವ ಬಗೆ ಹೇಗೆಂಬುದೇ ಇಲ್ಲಿಯ ವಿಷಯವು.

ಮನೆಯಲ್ಲಿ ಸದಾ ನಡೆಯುತ್ತಿರುವ ಒಂದು ಸಣ್ಣ ಗಣಕಯಂತ್ರವನ್ನಿಟ್ಟು, ಅದರಲ್ಲಿ ಕಡತಗಳನ್ನು ಶೇಖರಿಸಿ ಇತರರಿಗೆ ಒದಗಿಸುವುದಕ್ಕೆ ಗೃಹಸರ್ವರ್ ಎಂದು ಹೆಸರು. ಇಲ್ಲಿ ಭದ್ರತೆಯಷ್ಟೇ ಸರಳತೆಯೂ ಮುಖ್ಯವು. ಯಂತ್ರವಿದ್ಯೆಯನ್ನರಿಯದ ಮಿತ್ರನಿಗೆ ತೆರೆಯಲಾರದ ಬೀಗವನ್ನು ಕೊಟ್ಟರೆ, ಆತನು ಗುಪ್ತಪದವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವನು. ಇಲ್ಲವೆ ಪತ್ರಗಳನ್ನು ವಾಟ್ಸಾಪಿನಲ್ಲಿ ಹತ್ತು ಜನರಿಗೆ ಕಳುಹಿಸುವನು.

ಮೊದಲು ವರ್ಜ್ಯವಾದುದನ್ನು ಹೇಳುವೆವು. ಮನೆಯೊಳಗಣ ಗಣಕಯಂತ್ರಗಳು ಪರಸ್ಪರ ಕಡತ ಹಂಚಿಕೊಳ್ಳುವ ಎಸ್‌ಎಂಬಿ ಪದ್ಧತಿಯು ಮನೆಯ ಗೋಡೆಗಳ ಒಳಗೆ ಮಾತ್ರ ಯೋಗ್ಯವು. ಅದರ ದ್ವಾರವನ್ನು ಅಂತರ್ಜಾಲಕ್ಕೆ ತೆರೆಯಲೇಕೂಡದು. 2017ರ ಮೇ ತಿಂಗಳಲ್ಲಿ ಲೋಕವನ್ನೆಲ್ಲ ಕಾಡಿದ ವಾನಾಕ್ರೈ ಎಂಬ ಪೀಡೆಯು ಈ ಪದ್ಧತಿಯ ಲೋಪದಿಂದಲೇ ಹಬ್ಬಿತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬುದು ಅಂತರ್ಜಾಲಕ್ಕೆ ನೇರವಾಗಿ ತೆರೆದಿಟ್ಟಿದ್ದ ಗೃಹಭಂಡಾರಯಂತ್ರಗಳ ಕಡತಗಳನ್ನು ಬಂಧಿಸಿ, ಬಿಡುಗಡೆಗೆ ಹಣ ಕೇಳಿತು.

ಗ್ರಾಹ್ಯವಾದ ಮಾರ್ಗಗಳು ಮೂರು. ಒಂದನೆಯದು ನೆಕ್ಸ್ಟ್‌ಕ್ಲೌಡ್, 2016ರಲ್ಲಿ ಹುಟ್ಟಿದ ಸ್ವತಂತ್ರ ತಂತ್ರಾಂಶ. ಮಿತ್ರನಿಗೆ ಒಂದು ಕೊಂಡಿಯನ್ನು ಕಳುಹಿಸಿದರೆ ಸಾಕು. ಆತನು ಏನನ್ನೂ ಸ್ಥಾಪಿಸಬೇಕಾದುದಿಲ್ಲ. ಕೊಂಡಿಗೆ ಗುಪ್ತಪದವನ್ನೂ ಮುಕ್ತಾಯದ ದಿನವನ್ನೂ ವಿಧಿಸಬಹುದು. ಆದರೆ ಇದರ ಬಾಗಿಲು ಬೀದಿಗೆ ತೆರೆದಿರುವುದರಿಂದ, ಯಜಮಾನನು ತಂತ್ರಾಂಶವನ್ನು ಆಗಾಗ ನವೀಕರಿಸಲೇಬೇಕು. ಎರಡನೆಯದು ವೈರ್‌ಗಾರ್ಡ್ ಅಥವಾ ಅದನ್ನಾಧರಿಸಿದ ಟೇಲ್‌ಸ್ಕೇಲ್ ಮೂಲಕ ರಚಿಸುವ ಖಾಸಗಿ ಸುರಂಗಮಾರ್ಗ. ಬೀದಿಗೆ ಬಾಗಿಲೇ ಕಾಣದಾದುದರಿಂದ ಇದು ಅತ್ಯಂತ ಭದ್ರ. ಆದರೆ ಪ್ರತಿಯೊಬ್ಬನೂ ತನ್ನ ಯಂತ್ರದಲ್ಲಿ ಅದನ್ನು ಸ್ಥಾಪಿಸಬೇಕು. ಮೂರನೆಯದು ಸಿಂಕ್‌ಥಿಂಗ್, ಇದು ಎರಡು ಮನೆಗಳ ಯಂತ್ರಗಳಲ್ಲಿ ಒಂದೇ ಕಡತವನ್ನು ಸಮನಾಗಿರಿಸುವುದು. ಒಬ್ಬನು ಅಳಿಸಿದುದು ಇನ್ನೊಬ್ಬನಲ್ಲಿಯೂ ಅಳಿಯುವುದೆಂಬುದನ್ನು ಮರೆಯಬಾರದು.

ನಮ್ಮ ಅಭಿಪ್ರಾಯವು ಇಷ್ಟು: ಮನೆಯ ಮಕ್ಕಳಿಗೆ ಸುರಂಗಮಾರ್ಗ, ಮಿತ್ರರಿಗೂ ವೃದ್ಧರಿಗೂ ಗುಪ್ತಪದವಿರುವ ಕೊಂಡಿ. ಕೊಂಡಿಯನ್ನು ಒಂದು ದಾರಿಯಿಂದ ಕಳುಹಿಸಿ, ಗುಪ್ತಪದವನ್ನು ದೂರವಾಣಿಯಲ್ಲಿ ಬಾಯಿಮಾತಿನಿಂದ ಹೇಳತಕ್ಕದ್ದು. ಚಿತ್ರಗಳಿಗೆ ಕೊಂಡಿ ಸಾಲುವುದು. ಭೂಮಿಯ ಪತ್ರಗಳನ್ನು ಸುರಂಗದಾಚೆಗೆ ಬಿಡಕೂಡದು. ಅಂತರ್ಜಾಲವನ್ನೊದಗಿಸುವ ಕಂಪೆನಿಗಳಲ್ಲಿ ಹಲವು, ಒಂದೇ ಬಾಹ್ಯ ವಿಳಾಸವನ್ನು ಅನೇಕ ಗಿರಾಕಿಗಳಿಗೆ ಹಂಚುವುವು. ಹಾಗಿದ್ದಲ್ಲಿ ಹೊರಗಿನವರ ಕೊಂಡಿಯು ಮನೆಯನ್ನು ನೇರವಾಗಿ ಮುಟ್ಟಲಾರದು. ಪ್ರತ್ಯೇಕ ವಿಳಾಸ ದೊರೆಯುವುದೇ ಎಂದು ಮೊದಲೇ ವಿಚಾರಿಸುವುದು ಮೇಲು.

ಯಾವ ಮಾರ್ಗವನ್ನಾರಿಸಿದರೂ ಮೂರು ನಿಯಮಗಳುಂಟು. ಪ್ರತಿಯೊಬ್ಬನಿಗೂ ಬೇರೆ ಬೇರೆ ಗುಪ್ತಪದವಿರಲಿ. ಒಬ್ಬನ ಫೋನು ಕಳೆದರೆ ಅವನದನ್ನು ಮಾತ್ರ ರದ್ದು ಮಾಡಬಹುದು. ಪ್ರತಿ ವಸ್ತುವಿಗೂ ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ. ವಿದ್ಯುತ್ತು ಹೋಗುವ ನಮ್ಮ ಕಡೆಯಲ್ಲಿ ಯಂತ್ರಕ್ಕೆ ಯುಪಿಎಸ್ ಆಸರೆಯಿರಲಿ.

ಕಡೆಯದಾಗಿ, ಈ ವಿದ್ಯೆಯನ್ನು ಮನೆಯಲ್ಲಿ ಒಬ್ಬನೇ ಬಲ್ಲವನಾಗಿದ್ದರೆ ಭಂಡಾರವು ಅವನೊಡನೆಯೇ ಮುಚ್ಚಿಹೋದೀತು. ಯಂತ್ರವೆಲ್ಲಿದೆ, ಬೀಗದ ಕೈ ಯಾರಲ್ಲಿದೆ, ಪ್ರತಿಗಳೆಲ್ಲಿವೆ ಎಂಬುದನ್ನು ಕಾಗದದಲ್ಲಿ ಬರೆದು, ಮನೆಯ ಮತ್ತೊಬ್ಬರಿಗೆ ತಿಳಿಸಿ ಪೆಟ್ಟಿಗೆಯಲ್ಲಿರಿಸತಕ್ಕದ್ದು. ನೀರು ನುಂಗಿದ ಊರನ್ನು ಮರಳಿ ಪಡೆಯಲಾಗದು. ಅದರ ಚಿತ್ರವನ್ನಾದರೂ ಮೊಮ್ಮಕ್ಕಳು ನೋಡಲಿ.