ಹೋಸ್ಟಾಕ್ಕೆ ಇಲ್ಲಿ ಚಳಿ ಸಾಲದು

ಮೊಬೈಲಿನಲ್ಲಿ ತೋಟದ ಚಿತ್ರಗಳನ್ನು ನೋಡುವ ಅಭ್ಯಾಸ ಇದ್ದವರಿಗೆ ಹೋಸ್ಟಾ ಗಿಡದ ಪರಿಚಯ ಇದ್ದೇ ಇರುತ್ತದೆ. ಮರದ ನೆರಳಿನಲ್ಲಿ ಅಗಲವಾಗಿ ಹರಡಿದ ಎಲೆಗಳ ಗುಂಪು. ಕೆಲವು ನೀಲಿ ಛಾಯೆಯವು, ಕೆಲವಕ್ಕೆ ಬಿಳಿ ಅಂಚು, ಕೆಲವಕ್ಕೆ ನಡುವೆ ಹಳದಿ ಪಟ್ಟೆ. ಇದನ್ನು ಹೂವಿಗಿಂತ ಎಲೆಗಾಗಿಯೇ ಬೆಳೆಸುತ್ತಾರೆ. ಅಮೆರಿಕ, ಯುರೋಪುಗಳಲ್ಲಿ ಒಂದೇ ಹಿತ್ತಲಿನಲ್ಲಿ ನೂರಾರು ತಳಿಗಳನ್ನು ಕೂಡಿಟ್ಟ ಹವ್ಯಾಸಿಗಳಿದ್ದಾರೆ. ಇದನ್ನು ನಮ್ಮ ಮನೆಯಲ್ಲೂ ಬೆಳೆಸಬಹುದೇ ಎಂದು ಗಿಡಗಳ ಹುಚ್ಚು ಹತ್ತಿದ ವಿದ್ಯಾರ್ಥಿಗಳು ಕೇಳುತ್ತಾರೆ. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಉತ್ತರ, ಬೇಡ. ಆದರೆ ಯಾಕೆ ಬೇಡ ಎನ್ನುವುದನ್ನು ತಿಳಿದುಕೊಂಡರೆ ಅದರ ಬದಲು ಏನನ್ನು ಕೂಡಿಡಬಹುದು ಎನ್ನುವುದೂ ತಿಳಿಯುತ್ತದೆ.

ಹೋಸ್ಟಾದ ತವರು ಚೀನಾ, ಕೊರಿಯಾ, ಜಪಾನ್ ಮತ್ತು ರಷ್ಯಾದ ಪೂರ್ವದ ಅಂಚು. ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ನಿಕೋಲಾಸ್ ಥಾಮಸ್ ಹೋಸ್ಟ್ ಅವರ ಗೌರವಾರ್ಥ 1812ರಲ್ಲಿ ಈ ಕುಲಕ್ಕೆ ಹೋಸ್ಟಾ ಎಂದು ಹೆಸರಿಟ್ಟರು. ನಾಗಾಸಾಕಿಯ ಡಚ್ ವ್ಯಾಪಾರ ಕೇಂದ್ರದಲ್ಲಿ ವೈದ್ಯನಾಗಿದ್ದ ಜರ್ಮನಿಯ ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಡ್ ಜಪಾನಿನ ಅನೇಕ ಗಿಡಗಳ ಜೊತೆ ಹೋಸ್ಟಾಗಳನ್ನೂ ಯುರೋಪಿಗೆ ಒಯ್ದ. ಈ ತವರಿನಲ್ಲಿ ಚಳಿಗಾಲವೆಂದರೆ ಹಿಮ ಬೀಳುವ ಕಾಲ. ಆಗ ಹೋಸ್ಟಾದ ಎಲೆಗಳೆಲ್ಲ ಸತ್ತು, ಬೇರು ಮತ್ತು ಮೊಗ್ಗು ನೆಲದೊಳಗೆ ಮಲಗಿರುತ್ತವೆ. ಈ ಸುಪ್ತಾವಸ್ಥೆ ಮುರಿಯಲು ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಹಲವು ವಾರ ಬೇಕು. ಅಷ್ಟು ಚಳಿ ಕಳೆದ ಮೇಲೆಯೇ ಮೊಗ್ಗು ಬಲವಾಗಿ ಚಿಗುರುತ್ತದೆ.

ನಮ್ಮಲ್ಲಿ ಡಿಸೆಂಬರ್-ಜನವರಿಯ ರಾತ್ರಿ ಸ್ವೆಟರ್ ಬೇಕಾಗುವುದು ನಿಜ. ಆದರೆ ಅದೇ ದಿನ ಮಧ್ಯಾಹ್ನ ಉಷ್ಣತೆ 28-29 ಡಿಗ್ರಿಗೆ ಏರಿರುತ್ತದೆ. ಹೋಸ್ಟಾದ ಲೆಕ್ಕದಲ್ಲಿ ಅದು ಚಳಿಯೇ ಅಲ್ಲ. ನಿದ್ದೆ ಸಾಲದ ಗಿಡ ಮೊದಲ ವರ್ಷ ಹೇಗೋ ಎಲೆ ಬಿಡುತ್ತದೆ, ಮುಂದಿನ ವರ್ಷ ಸಣ್ಣ ಎಲೆ, ಆಮೇಲೆ ಇಲ್ಲ. ಬೆಚ್ಚನೆಯ ನಾಡುಗಳ ಕೆಲವು ಹಠಮಾರಿ ಹವ್ಯಾಸಿಗಳು ಬೇರಿನ ಗುಂಪನ್ನು ಕಿತ್ತು ತಿಂಗಳುಗಟ್ಟಲೆ ಫ್ರಿಜ್‌ನಲ್ಲಿ ಇಡುವುದುಂಟು. ನಮ್ಮ ಮನೆಗಳಲ್ಲಿ ಹಾಲು, ಮೊಸರು, ಹಿಟ್ಟಿನ ಡಬ್ಬಿಗಳ ನಡುವೆ ಮಣ್ಣು ಮೆತ್ತಿದ ಬೇರಿಗೆ ಅಮ್ಮಿ ಅಥವಾ ಅವ್ವ ಜಾಗ ಕೊಡುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಆನ್‌ಲೈನ್‌ನಲ್ಲಿ ಮಾರುವ ‘ಬಣ್ಣದ ಹೋಸ್ಟಾ ಬೀಜ’ದ ಪೊಟ್ಟಣಗಳ ಬಗ್ಗೆಯೂ ಒಂದು ಮಾತು. ಹೋಸ್ಟಾದ ಹೆಸರಾಂತ ತಳಿಗಳು ಬೀಜದಿಂದ ಬರುವುದಿಲ್ಲ, ಬುಡ ಒಡೆದು ಅಥವಾ ಅಂಗಾಂಶ ಕೃಷಿಯಿಂದ ಬರುತ್ತವೆ. ಬಿಳಿ ಅಂಚಿನ ಗಿಡದಲ್ಲಿ ಎರಡು ಬಗೆಯ ಕೋಶಗಳು ಒಟ್ಟಿಗೆ ಇರುತ್ತವೆ. ಒಂದು ಬಗೆಗೆ ಪತ್ರಹರಿತು ಇದೆ, ಇನ್ನೊಂದಕ್ಕೆ ಇಲ್ಲ. ಚಿಗುರಿನ ತುದಿಯ ವರ್ಧನ ಅಂಗಾಂಶದಲ್ಲಿ ಇವು ಪದರ ಪದರವಾಗಿ ಕುಳಿತಿರುವುದರಿಂದ ಎಲೆಯ ಅಂಚು ಬೇರೆ, ನಡು ಬೇರೆ ಬಣ್ಣ ಪಡೆಯುತ್ತವೆ. ಬೀಜ ಹುಟ್ಟುವುದು ಒಂದು ಪದರದಿಂದ. ಹೀಗಾಗಿ ಅಂಚಿನ ಚಿತ್ತಾರ ಸಾಮಾನ್ಯವಾಗಿ ಬೀಜಕ್ಕೆ ಇಳಿಯುವುದಿಲ್ಲ. ‘ಜೂನ್’ ಎಂಬ ಪ್ರಸಿದ್ಧ ತಳಿ ಹುಟ್ಟಿದ್ದೂ ಬೀಜದಿಂದಲ್ಲ. ‘ಹ್ಯಾಲ್ಸಿಯನ್’ ಎಂಬ ನೀಲಿ ಎಲೆಯ ತಳಿಯಲ್ಲಿ ತಾನಾಗಿ ಆದ ಬದಲಾವಣೆಯಿಂದ, ನಡುವೆ ಹಳದಿ ಇರುವ ಈ ಗಿಡ ಸಿಕ್ಕಿತು. ಆದ್ದರಿಂದ ಪೊಟ್ಟಣದ ಮೇಲೆ ಕಾಮನಬಿಲ್ಲಿನಂಥ ಎಲೆ ಕಂಡರೆ ದುಡ್ಡು ಜೇಬಿನಲ್ಲೇ ಇರಲಿ.

ಹೋಸ್ಟಾ ಕೊಡುವ ಸಂತೋಷವನ್ನೇ ನಮ್ಮ ಹವೆಯಲ್ಲಿ ಕೊಡುವ ಗಿಡವೊಂದಿದೆ. ಅದು ಕ್ಯಾಲೇಡಿಯಂ, ಅಂದರೆ ಕೆಸುವಿನ ಬಳಗಕ್ಕೆ ಸೇರಿದ ಬಣ್ಣದ ಎಲೆಯ ಗಡ್ಡೆಗಿಡ. ಕ್ರೋಟನ್, ಕೋಲಿಯಸ್, ಅಗ್ಲೋನಿಮಾಗಳನ್ನೂ ಎಲೆಗಾಗಿ ಕೂಡಿಡಬಹುದು. ನನ್ನ ಮತ ಮಾತ್ರ ಕ್ಯಾಲೇಡಿಯಂಗೆ, ಯಾಕೆಂದರೆ ಅದೂ ಹೋಸ್ಟಾದಂತೆ ವರ್ಷಕ್ಕೊಮ್ಮೆ ಮಲಗಿ ಏಳುವ ಗಿಡ. ವ್ಯತ್ಯಾಸ ನಿದ್ದೆಯ ಕಾರಣದಲ್ಲಿದೆ. ಹೋಸ್ಟಾ ಹಿಮಕ್ಕೆ ಮಲಗುತ್ತದೆ, ಕ್ಯಾಲೇಡಿಯಂ ಬರಕ್ಕೆ ಮಲಗುತ್ತದೆ. ದಕ್ಷಿಣ ಅಮೆರಿಕದ ಉಷ್ಣವಲಯದ ಈ ಗಿಡಕ್ಕೆ ಮಳೆಗಾಲವೇ ಎಚ್ಚರದ ಕಾಲ, ಒಣ ತಿಂಗಳುಗಳು ವಿಶ್ರಾಂತಿಯ ಕಾಲ. ನಮ್ಮ ಪಂಚಾಂಗವೂ ಅದೇ ಅಲ್ಲವೇ?

ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದಲ್ಲಿ, ಗಡ್ಡೆಯನ್ನು ಎರಡು ಬೆರಳಿನಷ್ಟು ಆಳಕ್ಕೆ ಊರಿದರೆ ಮಿರಗದ ಮಳೆ ಹಿಡಿಯುವಾಗ ಮೊಳಕೆ ಕಾಣತೊಡಗುತ್ತದೆ. ಮಣ್ಣು ಬೆಚ್ಚಗಿರಬೇಕು, 20 ಡಿಗ್ರಿಗಿಂತ ಕೆಳಗಿದ್ದರೆ ಗಡ್ಡೆ ಸುಮ್ಮನೆ ಕುಳಿತು ಕೊಳೆಯುತ್ತದೆ. ಮೇಲು-ಕೆಳಗು ಗೊತ್ತಾಗದಿದ್ದರೆ ಚಿಂತೆ ಬೇಡ, ತಲೆಕೆಳಗಾಗಿ ಊರಿದರೂ ಮೊಳಕೆ ದಾರಿ ಹುಡುಕಿಕೊಳ್ಳುತ್ತದೆ, ತುಸು ತಡವಾಗಿ. ಗಡ್ಡೆಯ ನಡುವಿನ ದೊಡ್ಡ ಕಣ್ಣನ್ನು ಚಾಕುವಿನ ತುದಿಯಿಂದ ತೆಗೆದರೆ ಸುತ್ತಲಿನ ಸಣ್ಣ ಕಣ್ಣುಗಳೆಲ್ಲ ಚಿಗುರಿ ಗಿಡ ಗುಂಪಾಗಿ ಬರುತ್ತದೆ. ಎಲೆಗಳು ತುಸು ಚಿಕ್ಕವಾಗುತ್ತವೆ, ಆದರೆ ಸಂಖ್ಯೆ ಹೆಚ್ಚು.

ಹುಬ್ಬಳ್ಳಿ ಕಡೆಯ ಎರೆಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬೇಡಿ. ಅದು ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ಜುಲೈ ತಿಂಗಳ ಜಡಿಮಳೆಯಲ್ಲಿ ಗಡ್ಡೆ ಕೊಳೆಯಲು ಅಷ್ಟೇ ಸಾಕು. ಧಾರವಾಡದ ಪಶ್ಚಿಮದ ಕೆಂಪು ಮಣ್ಣು, ಹಳೆಯ ಸಗಣಿ ಗೊಬ್ಬರ, ಉಸುಕು ಸೇರಿಸಿದ ಮಿಶ್ರಣ ಒಳ್ಳೆಯದು. ಕುಂಡದ ತಳದ ತೂತು ತೆರೆದಿರಲಿ. ಬೆಳಗಿನ ಎಳೆಬಿಸಿಲು ಬಣ್ಣ ತರುತ್ತದೆ, ನಡುಹಗಲಿನ ಬಿಸಿಲು ಎಲೆ ಸುಡುತ್ತದೆ. ಬಿಳಿ ಎಲೆಯ ತಳಿಗಳಲ್ಲಿ ಪತ್ರಹರಿತು ಕಡಿಮೆ, ಅವು ಮೊದಲು ಸುಡುತ್ತವೆ. ಮನೆಯ ಪೂರ್ವದ ಗೋಡೆ, ಮಾವಿನ ಮರದ ಬುಡ, ಮಹಡಿಯ ಮೆಟ್ಟಿಲ ಕೆಳಗೆ, ಇಂಥ ಜಾಗಗಳು ಸಾಕು. ನಳದ ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ಅಕ್ಕಿ ತೊಳೆದ ನೀರನ್ನೂ ಹಾಕಬಹುದು, ಪಾತ್ರೆ ತೊಳೆದ ಸಾಬೂನಿನ ನೀರು ಬೇಡ. ಮಳೆಗಾಲದಲ್ಲಿ ಬಸವನ ಹುಳು ಎಲೆ ತಿನ್ನುತ್ತದೆ. ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯುವುದೇ ಅದಕ್ಕೆ ಮದ್ದು.

ಇನ್ನು ಸಂಗ್ರಹದ ಮಾತು. ಹತ್ತು ಕುಂಡ ಇಟ್ಟ ಮಾತ್ರಕ್ಕೆ ಅದು ಸಂಗ್ರಹವಾಗುವುದಿಲ್ಲ, ಯಾವುದು ಯಾವುದೆಂದು ಹೇಳಲು ಬಂದರೆ ಮಾತ್ರ ಸಂಗ್ರಹ. ಕ್ಯಾಲೇಡಿಯಂನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ವರ್ಷದ ನಾಲ್ಕೈದು ತಿಂಗಳು ಎಲೆಯೇ ಇರುವುದಿಲ್ಲ ಮತ್ತು ಮಲಗಿದ ಗಡ್ಡೆಗಳೆಲ್ಲ ನೋಡಲು ಒಂದೇ. ನಮ್ಮ ನರ್ಸರಿಗಳಲ್ಲಿ ಗಡ್ಡೆ ಸಿಗುತ್ತದೆ, ತಳಿಯ ಹೆಸರು ಸಿಗುವುದು ಅಪರೂಪ. ಹಸಿರು ನರಗಳ ಬಿಳಿ ಎಲೆ ಇದ್ದರೆ ಅದು ಹಳೆಯ ತಳಿ ‘ಕ್ಯಾಂಡಿಡಂ’ ಇರಬಹುದು, ಆದರೆ ಅದನ್ನು ಹೋಲುವ ಬೇರೆಯವೂ ಇವೆ. ಹೆಸರು ಖಚಿತವಿಲ್ಲದಿದ್ದರೆ ಊಹೆ ಮಾಡಿ ಬರೆಯುವುದಕ್ಕಿಂತ ಸಂಖ್ಯೆ ಕೊಡಿ. ಒಂದು ನೋಟುಬುಕ್ಕಿನಲ್ಲಿ ಸಂಖ್ಯೆ, ತಂದ ದಿನಾಂಕ, ಯಾರು ಕೊಟ್ಟರು, ಎಲೆಯ ಅಂಚು-ನಡು-ನರಗಳ ಬಣ್ಣ ಬರೆದಿಡಿ. ಎಲೆಯ ವಿವರವನ್ನು ಆಗಸ್ಟ್‌ನಲ್ಲಿ ಬರೆಯಿರಿ, ಮೊದಲ ಎಲೆಗಳು ಎಷ್ಟೋ ಸಲ ನಿಜವಾದ ಬಣ್ಣ ತೋರಿಸುವುದಿಲ್ಲ. ಕುಂಡದೊಳಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪೆನ್ಸಿಲ್‌ನಿಂದ ಬರೆಯಿರಿ. ಪೆನ್ನಿನ ಶಾಯಿ ಒಂದು ಬೇಸಿಗೆಯಲ್ಲಿ ಮಾಸುತ್ತದೆ, ಪೆನ್ಸಿಲ್ ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಕ್ಯಾಲೇಡಿಯಂನ ಎಲೆ, ದಂಟು, ಗಡ್ಡೆ ಎಲ್ಲದರಲ್ಲೂ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಅಗಿದರೆ ಬಾಯಿ, ನಾಲಿಗೆ, ಗಂಟಲು ಉರಿದು ಊದಿಕೊಳ್ಳುತ್ತವೆ. ಅಡುಗೆಯ ಕೆಸುವಿನಲ್ಲೂ ಈ ಹರಳುಗಳಿವೆ, ಅದಕ್ಕೇ ಅದನ್ನು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಕ್ಯಾಲೇಡಿಯಂ ಮಾತ್ರ ಅಡುಗೆಯ ಗಿಡವಲ್ಲ, ಬೇಯಿಸಿಯೂ ತಿನ್ನಬಾರದು. ಎರಡರ ಎಲೆಯ ಆಕಾರ ಒಂದನ್ನೊಂದು ಹೋಲುತ್ತದೆ, ಆದ್ದರಿಂದ ಪತ್ರೊಡೆಗೆ ಕೆಸು ಬೆಳೆಸುವ ಮಡಿಯ ಹತ್ತಿರ ಇದನ್ನು ಹಚ್ಚಬೇಡಿ. ತೆವಳುವ ಮಗು ಇರುವ ಮನೆಯಲ್ಲಿ ಕುಂಡ ಎತ್ತರದಲ್ಲಿರಲಿ. ಆಡು-ಕುರಿ ಕಟ್ಟುವ ಹಿತ್ತಲಿನಲ್ಲಿ ಹಗ್ಗದ ಅಳತೆ ನೋಡಿಕೊಳ್ಳಿ. ಗಡ್ಡೆ ಕತ್ತರಿಸುವಾಗ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ. ಹೆಚ್ಚಾದ ಗಡ್ಡೆಗಳನ್ನು ಹಳ್ಳಕ್ಕೋ ಕಾಡಂಚಿಗೋ ಎಸೆಯಬಾರದು. ಪಶ್ಚಿಮಘಟ್ಟದ ತೇವದ ಜಾಗಗಳಲ್ಲಿ ಈ ಗಿಡ ಈಗಾಗಲೇ ತಪ್ಪಿಸಿಕೊಂಡು ತಾನಾಗಿ ಬೆಳೆಯುತ್ತಿದೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಎಲೆಗಿಡಗಳು ತುಂಬಿ ನಿಂತಿರುವ ಆ ಹೊತ್ತಿನಲ್ಲಿ ಮಾರಾಟದ ಗಿಡಗಳನ್ನು ಎಲೆಸಮೇತ ನೋಡಿ ಆರಿಸಿಕೊಳ್ಳುವುದು, ಚಿತ್ರ ನಂಬಿ ತರಿಸುವುದಕ್ಕಿಂತ ಎಷ್ಟೋ ಮೇಲು. ನವೆಂಬರ್ ಹೊತ್ತಿಗೆ ಎಲೆ ಹಳದಿಯಾಗತೊಡಗಿದಾಗ ಗಿಡ ಸಾಯುತ್ತಿದೆ ಎಂದು ಹೆಚ್ಚು ನೀರು ಹಾಕಬೇಡಿ, ಕಡಿಮೆ ಮಾಡುತ್ತ ಬಂದು ನಿಲ್ಲಿಸಿ. ಡಿಸೆಂಬರ್‌ನಲ್ಲಿ ಗಡ್ಡೆ ಅಗೆದು, ನೆರಳಲ್ಲಿ ಒಂದು ವಾರ ಒಣಗಿಸಿ, ಸಂಖ್ಯೆಯ ಚೀಟಿಯೊಂದಿಗೆ ಕಾಗದದ ಚೀಲದಲ್ಲಿ ಒಣ ಉಸುಕು ಹಾಕಿ ಇಡಿ, ಫ್ರಿಜ್‌ನಲ್ಲಲ್ಲ. ಮೇ ತಿಂಗಳಲ್ಲಿ ಊರುವ ಮೊದಲು ದೊಡ್ಡ ಗಡ್ಡೆಯನ್ನು, ಪ್ರತಿ ಹೋಳಿಗೂ ಒಂದೆರಡು ಕಣ್ಣು ಇರುವಂತೆ ಕತ್ತರಿಸಿ, ಗಾಯಕ್ಕೆ ಬೂದಿ ಸವರಿ, ಎರಡು ದಿನ ಆರಲು ಬಿಡಿ. ಒಂದು ಹೋಳು ನಿಮಗೆ, ಇನ್ನೊಂದು ನಿಮ್ಮಲ್ಲಿಲ್ಲದ ತಳಿ ಇಟ್ಟುಕೊಂಡಿರುವ ಗೆಳೆಯನಿಗೋ ಗೆಳತಿಗೋ, ಸಂಖ್ಯೆಯ ಚೀಟಿಯೊಂದಿಗೆ.