ನದಿಯ ಮೀನನ್ನು ಎಣಿಸುವುದು ಹೇಗೆ?

ರೈತನು ಬೆಳೆಯನ್ನೆಲ್ಲ ಮಾರುವುದಿಲ್ಲ; ಬಿತ್ತನೆಗೆ ಬೇಕಾದಷ್ಟನ್ನು ಮೊದಲೇ ಎತ್ತಿಡುತ್ತಾನೆ. ಪಶ್ಚಿಮ ಕೆನಡಾದ ಫ್ರೇಸರ್ ನದಿಯ ಸಾಲ್ಮನ್ ಮೀನಿಗೂ ಇದೇ ನಿಯಮ. ಆದರೆ ನೀರಿನೊಳಗಿನ ಬೀಜವನ್ನು ಅಳೆಯುವುದು ಹೇಗೆ?

ಸಾಕ್‌ಐ ಎಂಬ ಜಾತಿಯ ಸಾಲ್ಮನ್ ಸಿಹಿನೀರಿನಲ್ಲಿ ಹುಟ್ಟಿ, ಶಾಂತಸಾಗರದಲ್ಲಿ ಬೆಳೆಯುತ್ತದೆ. ಹೆಚ್ಚಿನವು ನಾಲ್ಕನೆಯ ವರ್ಷಕ್ಕೆ ಹುಟ್ಟಿದ ತೊರೆಗೇ ಹಿಂತಿರುಗಿ, ಜಲ್ಲಿಕಲ್ಲಿನ ನಡುವೆ ಮೊಟ್ಟೆಯಿಟ್ಟು ಸಾಯುತ್ತವೆ.

ಮೊದಲ ಎಣಿಕೆ ನದಿಯ ಕೆಳಭಾಗದ ಮಿಷನ್ ಎಂಬ ಊರಿನ ಬಳಿ ನಡೆಯುತ್ತದೆ. ನೀರಿನೊಳಗೆ ಧ್ವನಿತರಂಗಗಳನ್ನು ಕಳುಹಿಸಿ, ಮೀನಿಗೆ ತಾಗಿ ಮರಳುವ ಪ್ರತಿಧ್ವನಿಯಿಂದ ಸಂಖ್ಯೆಯನ್ನು ಅಂದಾಜು ಮಾಡುತ್ತಾರೆ. ಎರಡನೆಯದು ಮೊಟ್ಟೆಯಿಡುವ ತೊರೆಗಳಲ್ಲಿ. ಸಣ್ಣ ತೊರೆಗೆ ಅಡ್ಡಲಾಗಿ ಬೇಲಿ ಕಟ್ಟಿ, ಕಿಂಡಿಯಲ್ಲಿ ಹಾದುಹೋಗುವ ಮೀನುಗಳನ್ನು ಎಣಿಸಬಹುದು. ದೊಡ್ಡ ತೊರೆಯಲ್ಲಿ ಉಪಾಯವೇ ಬೇರೆ. 1,000 ಮೀನುಗಳಿಗೆ ಗುರುತಿನ ಬಿಲ್ಲೆ ಹಾಕಿ ಬಿಟ್ಟಿರೆಂದುಕೊಳ್ಳಿ. ಅನಂತರ ಸತ್ತು ಸಿಕ್ಕ 500 ಮೀನುಗಳಲ್ಲಿ 10ಕ್ಕೆ, ಅಂದರೆ 50ಕ್ಕೆ ಒಂದರಂತೆ, ಬಿಲ್ಲೆಯಿದ್ದರೆ ಒಟ್ಟು ಮೀನು ಸುಮಾರು 50,000 ಎಂದಾಯಿತು.

ಎರಡು ಕಡೆ ಏಕೆ ಎಣಿಸಬೇಕು? ನದಿ ಹೊಕ್ಕ ಮೀನೆಲ್ಲ ತವರು ಸೇರುವುದಿಲ್ಲ. ಕೆಲವು ಬಲೆಗೆ ಬೀಳುತ್ತವೆ, ಕೆಲವು ನೀರು ಬಿಸಿಯೇರಿದಾಗ ಸಾಯುತ್ತವೆ. ಬಿಗ್ ಬಾರ್ ಎಂಬಲ್ಲಿ ಗುಡ್ಡ ಕುಸಿದು ಮೀನಿನ ದಾರಿ ಕಟ್ಟಿರುವುದು 2019ರಲ್ಲಿ ಪತ್ತೆಯಾಯಿತು.

ಮುನ್ಸೂಚನೆಯನ್ನೇ ನಂಬಿ ಕೂರುವಂತೆಯೂ ಇಲ್ಲ. 2009ರಲ್ಲಿ ಒಂದು ಕೋಟಿಗೂ ಹೆಚ್ಚು ಸಾಕ್‌ಐ ಬರುವ ನಿರೀಕ್ಷೆಯಿತ್ತು. ಬಂದದ್ದು ಸುಮಾರು 15 ಲಕ್ಷ. ಮರುವರ್ಷ ಎರಡೂವರೆ ಕೋಟಿಗೂ ಮಿಗಿಲಾಗಿ ಬಂದವು!

ಆದ್ದರಿಂದಲೇ ಪ್ರತಿ ವರ್ಷವೂ ಎಣಿಸಬೇಕು. ಎಷ್ಟು ಹಿಡಿಯಬಹುದೆಂದು ಹೇಳಲು, ಎಷ್ಟು ಉಳಿಯಬೇಕೆಂಬುದು ಮೊದಲು ತಿಳಿದಿರಬೇಕಲ್ಲವೆ?