ಪುಟ್ಟ ಬಗ್ಗಿಯ ಕಾಲುಗಳು

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ಓಣಿಗಳಲ್ಲಿ ನಡೆದಾಡಿದವರಿಗೆ ಮಗ್ಗದ ಸದ್ದು ಪರಿಚಿತವಾದುದೇ. ವಿದ್ಯುತ್ ಮಗ್ಗದಲ್ಲಿ ಲಾಳಿಯು ಒಂದು ಬದಿಯಿಂದ ಇನ್ನೊಂದು ಬದಿಗೆ ವೇಗವಾಗಿ ಧಾವಿಸುತ್ತದೆ. ಅದು ಪೆಟ್ಟಿಗೆಯನ್ನು ಹೊಕ್ಕೊಡನೆ ಬದಿಯ ಪಟ್ಟಿಯೊಂದು ಅದನ್ನು ಒತ್ತಿ ಹಿಡಿಯುತ್ತದೆ. ಲಾಳಿಯ ಚಲನಶಕ್ತಿಯ ಬಹುಭಾಗವು ಘರ್ಷಣೆಯಿಂದ ಶಾಖವಾಗುತ್ತದೆ. ಹಾಗಾಗದಿದ್ದರೆ ಲಾಳಿಯು ಬಡಿದು ಹಿಂದಕ್ಕೆ ಪುಟಿದೀತು, ನೂಲು ಕೆಟ್ಟೀತು. ಬೇಡವಾದ ಶಕ್ತಿಯನ್ನು ಸದ್ದಿಲ್ಲದೆ ಶಾಖವಾಗಿಸುವ ಈ ಉಪಾಯವೇ ನಮ್ಮ ಇಂದಿನ ವಿಷಯ.

ಕಳೆದ ಬೇಸಗೆಯಲ್ಲಿ ನೇಕಾರರ ಮನೆಯ ವಿದ್ಯಾರ್ಥಿಯೊಬ್ಬನು ರೇಡಿಯೋ ನಿಯಂತ್ರಿತ ಪಂದ್ಯದ ಬಗ್ಗಿಯೊಂದನ್ನು ನನ್ನ ಬಳಿಗೆ ತಂದನು. ನಿಜವಾದ ವಾಹನದ ಹತ್ತನೆಯ ಒಂದು ಅಳತೆಯದು. ತೂಕ ಸುಮಾರು 1.6 ಕಿಲೋಗ್ರಾಂ. ರಜೆಯಲ್ಲಿ ದುಡಿದು ಕೂಡಿಟ್ಟ ಹಣದಿಂದ ಅವನು ಅದರ ಹಳೆಯ ಪ್ಲಾಸ್ಟಿಕ್ ಶಾಕ್ ಅಬ್ಸಾರ್ಬರುಗಳನ್ನು ತೆಗೆದು, ಅಲ್ಯೂಮಿನಿಯಂನ ಹೊಸ ನಾಲ್ಕನ್ನು ಕೂಡಿಸಿದ್ದನು. ಗಟ್ಟಿಯಾದಷ್ಟೂ ಒಳ್ಳೆಯದೆಂದು ಬಗೆದು ದೊರೆತವುಗಳಲ್ಲಿ ಅತಿ ಮಂದವಾದ ಎಣ್ಣೆಯನ್ನೂ ತುಂಬಿದ್ದನು. ಆದರೆ ಮೊದಲು ಸಲೀಸಾಗಿ ದಾಟುತ್ತಿದ್ದ ತಿರುವಿನಲ್ಲಿಯೇ ಬಗ್ಗಿಯು ಈಗ ಮಗುಚಿ ಬೀಳುತ್ತಿತ್ತು. “ಸರ್, ಇಷ್ಟು ರೊಕ್ಕ ಹಾಕೀನ್ರಿ, ಗಾಡಿ ಯಾಕ ಹಿಂಗಾತ್ರಿ?” ಎಂದು ಕೇಳಿದನು. ಉತ್ತರ ದೊರೆಯದಿದ್ದರೆ ಅದನ್ನು ಮಾರಿಬಿಡುವುದೆಂದು ಆಗಲೇ ನಿಶ್ಚಯಿಸಿದ್ದನು.

ಶಾಕ್ ಅಬ್ಸಾರ್ಬರಿನ ಸುತ್ತಲೂ ಸ್ಪ್ರಿಂಗಿರುತ್ತದೆ. ಒಳಗೆ ಎಣ್ಣೆ ತುಂಬಿದ ಕೊಳವೆಯಿರುತ್ತದೆ. ಇವೆರಡರ ಕೆಲಸಗಳು ಬೇರೆ ಬೇರೆ. ಉಬ್ಬು ಎದುರಾದಾಗ ಸ್ಪ್ರಿಂಗು ಕುಗ್ಗಿ ಶಕ್ತಿಯನ್ನು ಕೂಡಿಡುತ್ತದೆ, ಮರುಕ್ಷಣವೇ ಹಿಂದಿರುಗಿಸುತ್ತದೆ. ಸ್ಪ್ರಿಂಗೊಂದೇ ಇದ್ದರೆ ಗಾಡಿಯು ಬಹಳ ಹೊತ್ತು ಕುಣಿಯುತ್ತಿರುವುದು. ಕೊಳವೆಯೊಳಗಿನ ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳಿವೆ. ಎಣ್ಣೆಯು ಅವುಗಳ ಮೂಲಕ ನುಸುಳುವಾಗ ಆ ಶಕ್ತಿಯು ಶಾಖವಾಗಿ ಕಳೆದುಹೋಗುತ್ತದೆ. ಒಣ ಘರ್ಷಣೆಗೂ ಎಣ್ಣೆಗೂ ಇಲ್ಲೊಂದು ಮುಖ್ಯ ಭೇದವುಂಟು. ಒಣ ಘರ್ಷಣೆಯು ಸಣ್ಣ ಉಬ್ಬಿನಲ್ಲಿ ಚಕ್ರವನ್ನು ಅಲುಗಗೊಡದೆ ಹಿಡಿಯಬಹುದು. ಎಣ್ಣೆಯ ತಡೆಯಾದರೋ ಚಲನೆಯ ವೇಗದೊಡನೆ ಏರುತ್ತದೆ. 1984ರಲ್ಲಿ ಅಮೆರಿಕದ ಟೀಮ್ ಅಸೋಸಿಯೇಟೆಡ್ ಸಂಸ್ಥೆಯು ಹೊರತಂದ ಆರ್‌ಸಿ10 ಎಂಬ ಬಗ್ಗಿಯಲ್ಲಿ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರುಗಳಿದ್ದವು. ಮರುವರ್ಷವೇ ಅದು ವಿಶ್ವಸ್ಪರ್ಧೆಯಲ್ಲಿ ಎರಡು ಚಕ್ರ ಚಾಲನೆಯ ವಿಭಾಗವನ್ನು ಗೆದ್ದಿತು.

ಮೊದಲು ನಾವು ಒಂದು ಅಳತೆಪಟ್ಟಿಯನ್ನು ಮಾತ್ರ ಹಿಡಿದೆವು. ಬಗ್ಗಿಯನ್ನು ಎತ್ತಿ, ಚಕ್ರಗಳು ನೆಲವನ್ನು ಸೋಕುವಷ್ಟು ಇಳಿಸಿ, ಬಳಿಕ ಪೂರ್ತಿ ಬಿಟ್ಟಾಗ ಅದು 1.5 ಸೆಂಟಿಮೀಟರ್ ಕುಸಿಯಿತು. ಸ್ಪ್ರಿಂಗನ್ನು ಮುಂಚಿತವಾಗಿ ಬಿಗಿದಿಲ್ಲದಿದ್ದರೆ ಈ ಒಂದು ಅಂಕಿಯೇ ಸಾಕು. ಕುಸಿತವನ್ನು ಮೀಟರಿನಲ್ಲಿ ಬರೆದು, ಗುರುತ್ವ ವೇಗೋತ್ಕರ್ಷವಾದ 9.8ರಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಗುಣಿಸಿದರೆ ಒಂದು ಕಂಪನದ ಕಾಲವು ದೊರೆಯುವುದು. ಇಲ್ಲಿ ಅದು ಸುಮಾರು 0.25 ಸೆಕೆಂಡು. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಗ್ಗಿಯು ಈ ಅವಧಿಯಲ್ಲಿ 1.25 ಮೀಟರ್ ಸಾಗುತ್ತದೆ. ನೆಲದ ಉಬ್ಬುಗಳ ಅಂತರವೂ ಅಷ್ಟೇ ಇದ್ದರೆ ಪ್ರತಿಯೊಂದು ಉಬ್ಬೂ ಸರಿಯಾದ ಹೊತ್ತಿಗೆ ಜೋಕಾಲಿಯನ್ನು ತಳ್ಳಿದಂತೆ ಕುಣಿತವನ್ನು ಹೆಚ್ಚಿಸುವುದು. ಇದೇ ಅನುರಣನ. ಅದನ್ನು ಅಡಗಿಸಲು ಎಣ್ಣೆ ಬೇಕು.

ಹಾಗಾದರೆ ಮಂದವಾದ ಎಣ್ಣೆಯು ಕೆಡಿಸಿದುದೇಕೆ? ಎಣ್ಣೆಯ ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ಸ್ ಎಂಬ ಮಾನದಿಂದ ಅಳೆಯುವರು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನದು ಸುಮಾರು 1. ನಮ್ಮ ಹುಡುಗನು ತುಂಬಿದ್ದು 1000. ಅಷ್ಟು ಮಂದವಾದ ಎಣ್ಣೆಯಲ್ಲಿ ಚಕ್ರವು ತಟ್ಟನೆ ಮೇಲೇಳಲಾರದು. ಆದುದರಿಂದ ಉಬ್ಬಿನ ಪೆಟ್ಟು ನೇರವಾಗಿ ಒಡಲಿಗೆ ತಗಲುವುದು. ಕುಗ್ಗಿದ ಸ್ಪ್ರಿಂಗು ಹಿಗ್ಗುವ ಮೊದಲೇ ಇನ್ನೊಂದು ಉಬ್ಬು ಬರುವುದು. ಹೀಗೆ ಚಕ್ರವು ನೆಲವನ್ನು ಬಿಟ್ಟಿತೆಂದರೆ, ತಿರುಗಿಸುವ ಬಲವೆಲ್ಲಿ, ತಡೆಯುವ ಬಲವೆಲ್ಲಿ?

ಸರಿಯಾದ ಎಣ್ಣೆಯನ್ನು ಆರಿಸಲು ಸುಲಭವಾದ ಪರೀಕ್ಷೆಯೊಂದಿದೆ. ಬಗ್ಗಿಯನ್ನು ಕೆಳಕ್ಕೊತ್ತಿ ಬಿಡಿರಿ. ಹಲವು ಸಲ ಕುಣಿದರೆ ಎಣ್ಣೆ ತೆಳು. ತೆವಳುತ್ತ ಮೇಲೆದ್ದರೆ ಮಂದ. ಬೇಗನೆ ಎದ್ದು, ತುಸುವೇ ಮೀರಿ, ನೆಲೆಗೆ ನಿಂತರೆ ಹದವಾಗಿದೆಯೆಂದು ತಿಳಿಯಬೇಕು. ನಾವು 350ರ ಎಣ್ಣೆಯನ್ನು ತುಂಬಿ, ಪಿಸ್ಟನ್ನನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ಹೊರಬರುವವರೆಗೆ ಕಾದೆವು. ಗಾಳಿಯು ಎಣ್ಣೆಯಂತಲ್ಲದೆ ಸುಲಭವಾಗಿ ಕುಗ್ಗುವುದರಿಂದ ಅಲ್ಲಿ ತಡೆಯೇ ಇಲ್ಲದಂತಾಗುತ್ತದೆ. ರಂಧ್ರಗಳನ್ನು ಮುಟ್ಟಲಿಲ್ಲ. ನಿಧಾನ ಹರಿವಿನಲ್ಲಿ ತಡೆಯು ರಂಧ್ರದ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದು. ವ್ಯಾಸವನ್ನು 1.2ರಿಂದ 1.3 ಮಿಲಿಮೀಟರಿಗೆ ಹಿಗ್ಗಿಸಿದರೂ ತಡೆಯು ಕಾಲುಭಾಗಕ್ಕಿಂತ ಹೆಚ್ಚು ಇಳಿದುಹೋಗುತ್ತದೆ.

ಸ್ಪ್ರಿಂಗಿನ ಮೇಲಿನ ಬಳೆಯನ್ನು ತಿರುಗಿಸಿ ಬಿಗಿದರೆ ಸ್ಪ್ರಿಂಗು ಗಟ್ಟಿಯಾಗುವುದೆಂದು ಹಲವರು ನಂಬುವರು. ಇದು ತಪ್ಪು. ಸಾಮಾನ್ಯ ಸ್ಪ್ರಿಂಗಿನ ಬಿಗುಪು ತಂತಿಯ ದಪ್ಪ, ಸುರುಳಿಯ ವ್ಯಾಸ ಮತ್ತು ಸುತ್ತುಗಳ ಸಂಖ್ಯೆ ಇವುಗಳಿಂದ ನಿರ್ಧಾರವಾಗುತ್ತದೆ. ಬಳೆಯಿಂದ ಗಾಡಿಯ ಎತ್ತರ ಮಾತ್ರ ಬದಲಾಗುವುದು. ಹವೆಯನ್ನೂ ಮರೆಯುವಂತಿಲ್ಲ. ಸಿಲಿಕೋನ್ ಎಣ್ಣೆಯು ಖನಿಜ ತೈಲದಷ್ಟು ಬೇಗ ತೆಳುವಾಗದು. ಆದರೂ 25 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಅದರ ಸ್ನಿಗ್ಧತೆಯು ಐದನೆಯ ಒಂದು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. ನಮ್ಮ ಸೀಮೆಯ ಬೇಸಗೆಯಲ್ಲಿ ಮುಂಜಾವಿನ ಹದವು ಮಧ್ಯಾಹ್ನಕ್ಕೆ ಸಲ್ಲದು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಫಲವನ್ನು ಬರೆದಿಡಬೇಕೆಂದು ಗೊತ್ತುಮಾಡಿಕೊಂಡಿದ್ದೆವು. ಬತ್ತಿದ ಕೆರೆಯಂಗಳದಲ್ಲಿ ಬಗ್ಗಿಯು ಆ ತಿರುವನ್ನು ಹತ್ತು ಸುತ್ತು ದಾಟಿತು. ಮಗುಚಿದುದು ಒಂದೇ ಸಲ. ಬೆಲೆಯುಳ್ಳ ಭಾಗಗಳು ತಪ್ಪಾಗಿರಲಿಲ್ಲ. ಅಳೆಯದೆ ಆರಿಸಿದುದೇ ತಪ್ಪಾಗಿತ್ತು.

ವಾರದ ಬಳಿಕ ಅದೇ ಹುಡುಗನು ಇನ್ನೊಂದು ಸುದ್ದಿ ತಂದನು. ಅವನ ತಂದೆ ಸೀರೆಯ ಗಂಟುಗಳನ್ನು ಸಾಗಿಸುವ ಮೋಟಾರು ಬೈಕಿನ ಮುಂಗಾಲಿನಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿತ್ತು. ಒತ್ತಿಬಿಟ್ಟು ನೋಡಿದರೆ ಮೂರು ನಾಲ್ಕು ಸಲ ಕುಣಿಯಿತು. ಎಷ್ಟೋ ದಿನಗಳಿಂದ ಮನೆಯವರೆಲ್ಲರೂ ಆ ಕಲೆಯನ್ನು ಕಂಡಿದ್ದರು. ಅದರ ಅರ್ಥ ಯಾರಿಗೂ ಹೊಳೆದಿರಲಿಲ್ಲ. ಕುಣಿಯುವ ಚಕ್ರವು ನೆಲವನ್ನು ಬಿಟ್ಟ ಕ್ಷಣದಲ್ಲಿ ಬ್ರೇಕು ಹಿಡಿದೂ ವ್ಯರ್ಥ. ಅಂದು ಸಂಜೆಯೇ ಮೆಕ್ಯಾನಿಕನ ಬಳಿಗೆ ಹೋಗಿ ಸೀಲು ಹಾಕಿಸಿ, ಹೊಸ ಎಣ್ಣೆ ತುಂಬಿಸಿದರಂತೆ. ನಿಮ್ಮ ಮನೆಯ ಬೈಕನ್ನೂ ಇಂದೇ ಒಮ್ಮೆ ಒತ್ತಿಬಿಟ್ಟು ನೋಡಿರಿ.